ನರಭಕ್ಷಕ ಗಿಡಗಳೂ ನಮ್ಮ ಬಾಲಿಕೆಯರೂ



ಈಗಿನ ಮಕ್ಕಳು ಆಡುವ ವಿಡಿಯೋ ಆಟಗಳಲ್ಲಿ ಬಾಯ್ದೆರೆದು ನುಂಗಬರುವ ರಾಕ್ಷಸ ಗಿಡಗಳು ಹೇರಳವಾಗಿವೆ. ಜಪಾನಿನ ನಿಂಟೆಂಡೊ ಕಂಪೆನಿಯವರು 1985ರಲ್ಲಿ ಹೊರಡಿಸಿದ ‘ಸೂಪರ್ ಮಾರಿಯೋ ಬ್ರದರ್ಸ್’ ಎಂಬ ಆಟದಲ್ಲಿ ಕೊಳವೆಯೊಳಗಿಂದ ತಲೆಯೆತ್ತಿ ಕಚ್ಚಬರುವ ‘ಪಿರಾನಾ ಗಿಡ’ವು ಇವುಗಳಲ್ಲಿ ಪ್ರಸಿದ್ಧವಾದುದು. ಇಂಥವುಗಳಿಂದ ಹುಡುಗಿಯರ ಮನಸ್ಸು ಕೆಡುವುದೆಂದು ಅನೇಕ ತಾಯ್ತಂದೆಗಳು ಶಂಕಿಸುವರು. ನನ್ನ ಅಭಿಪ್ರಾಯವು ಬೇರೆ. ಕಲ್ಪನೆಯು ತನ್ನನ್ನು ಕಲ್ಪನೆಯೆಂದೇ ಹೇಳಿಕೊಳ್ಳುವ ತನಕ ಅದರಿಂದ ಭಯವಿಲ್ಲ. ಸತ್ಯದ ವೇಷವನ್ನು ಧರಿಸಿ ಬರುವ ಕಲ್ಪನೆಗೆ ಮಾತ್ರವೇ ನಾವು ಅಂಜತಕ್ಕದ್ದು.

ಇದಕ್ಕೆ ಒಂದು ದೃಷ್ಟಾಂತವುಂಟು. 1874ರಲ್ಲಿ ‘ನ್ಯೂಯಾರ್ಕ್ ವರ್ಲ್ಡ್’ ಎಂಬ ಪತ್ರಿಕೆಯು, ಮಡಗಾಸ್ಕರ್ ದ್ವೀಪದಲ್ಲಿ ಮನುಷ್ಯರನ್ನು ತಿನ್ನುವ ಮರವಿರುವುದೆಂದೂ, ಅಲ್ಲಿಯ ಒಂದು ಕುಲದವರು ಅದಕ್ಕೆ ಸ್ತ್ರೀಯೊಬ್ಬಳನ್ನು ಬಲಿಕೊಟ್ಟುದನ್ನು ಪ್ರವಾಸಿಯೊಬ್ಬನು ಕಣ್ಣಾರೆ ಕಂಡನೆಂದೂ ಪ್ರಕಟಿಸಿತು. ಮರವೂ ಸುಳ್ಳು, ಕುಲವೂ ಸುಳ್ಳು, ಪ್ರವಾಸಿಯೂ ಸುಳ್ಳು. ಆದರೂ 50 ವರುಷಗಳ ತರುವಾಯ, 1924ರಲ್ಲಿ, ಹಿಂದೆ ಅಮೆರಿಕದ ಮಿಚಿಗನ್ ರಾಜ್ಯದ ಗವರ್ನರರಾಗಿದ್ದ ಚೇಸ್ ಓಸ್‌ಬಾರ್ನ್ ಎಂಬವರು ಮಡಗಾಸ್ಕರನ್ನು ಕುರಿತ ತಮ್ಮ ಗ್ರಂಥದ ಹೆಸರಿನಲ್ಲಿಯೇ ಆ ಮರವನ್ನು ಸೇರಿಸಿದರು. ಇಲ್ಲದ ಮರಕ್ಕೆ ಅಪವಾದದಿಂದ ನಷ್ಟವೇನೂ ಇಲ್ಲ. ಆದರೆ ದೂರದ ನಾಡೊಂದರ ಜನರ ಮೇಲೆ ನರಬಲಿಯ ಕಳಂಕವನ್ನು ಹೊರಿಸಿದ ಅನ್ಯಾಯವು ಸಣ್ಣದೇ?

ಆ ಸುದ್ದಿಯ ಮರುವರುಷ, ಅಂದರೆ 1875ರಲ್ಲಿ, ಚಾರ್ಲ್ಸ್ ಡಾರ್ವಿನರು ಕೀಟಾಹಾರಿ ಸಸ್ಯಗಳನ್ನು ಕುರಿತ ಗ್ರಂಥವನ್ನು ಹೊರತಂದರು. ಅವರು ಡ್ರಾಸೆರಾ ಎಂಬ ಪುಟ್ಟ ಗಿಡದ ಎಲೆಗಳ ಮೇಲೆ ಮಾಂಸದ ಚೂರನ್ನೂ ಹಾಲನ್ನೂ ನೀರನ್ನೂ ಬೇರೆ ಬೇರೆಯಾಗಿ ಇಟ್ಟು ಪರೀಕ್ಷಿಸಿದರು. ಮಾಂಸಕ್ಕೂ ಹಾಲಿಗೂ ಎಲೆಯ ಅಂಟುರೋಮಗಳು ಬಾಗಿದವು. ನೀರಿನ ಹನಿಗೆ ಬಾಗಲಿಲ್ಲ. ಅಮೆರಿಕದ ಕರೊಲಿನಾ ಪ್ರಾಂತಗಳಲ್ಲಿ ಬೆಳೆಯುವ ‘ವೀನಸ್ ಫ್ಲೈಟ್ರಾಪ್’ ಗಿಡವಾದರೋ, ತನ್ನ ಎಲೆಯ ರೋಮಗಳನ್ನು ಹುಳುವು ಸುಮಾರು 20 ಸೆಕೆಂಡುಗಳೊಳಗೆ ಎರಡು ಸಲ ಮುಟ್ಟಿದರೆ ಸಾಮಾನ್ಯವಾಗಿ ಎಲೆಯನ್ನು ಮುಚ್ಚಿಕೊಳ್ಳುವುದು. ಇವು ಕ್ರೌರ್ಯದಿಂದ ಹಾಗೆ ಮಾಡುವುದಿಲ್ಲ. ಸಾರಜನಕವು ಕಡಮೆಯಾದ ಬಡ ನೆಲದಲ್ಲಿ ಬಾಳಬೇಕಾದುದರಿಂದ, ಮಣ್ಣಿನಲ್ಲಿ ದೊರೆಯದುದನ್ನು ಕೀಟಗಳಿಂದ ಪಡೆಯುತ್ತವೆ. ನಮ್ಮ ಕರಾವಳಿಯ ಮುರಕಲ್ಲಿನ ಬಯಲುಗಳಲ್ಲಿಯೂ ಡ್ರಾಸೆರಾ ಜಾತಿಯ ಗಿಡಗಳುಂಟು.

ಆದುದರಿಂದ, ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ನನ್ನ ಬಿನ್ನಹವಿಷ್ಟೇ. ಓದಿಗೂ ಮನೆಗೆಲಸಕ್ಕೂ ಅಡ್ಡಿಬಾರದಂತೆ ಆಟಕ್ಕೆ ಹೊತ್ತನ್ನು ಗೊತ್ತುಮಾಡಿರಿ; ಆದರೆ ಅದನ್ನು ಮಗಳ ಕೈಯಿಂದ ಕಸಿದುಕೊಳ್ಳಬೇಡಿರಿ. ಒಂದು ದಿನ ಅವಳೊಡನೆ ಕುಳಿತು, ಆ ರಾಕ್ಷಸ ಗಿಡಕ್ಕೆ ಮೂಲವಾದ ನಿಜವಾದ ಗಿಡ ಯಾವುದೆಂದು ಇಬ್ಬರೂ ಕೂಡಿ ಹುಡುಕಿರಿ. ಯಾವ ವಿಚಿತ್ರ ಸಂಗತಿಯನ್ನು ಕೇಳಿದರೂ ‘ಇದನ್ನು ಕಂಡವರು ಯಾರು? ಪರೀಕ್ಷಿಸಿದವರು ಯಾರು?’ ಎಂದು ಕೇಳುವ ಅಭ್ಯಾಸವನ್ನು ಅವಳಿಗೆ ಮಾಡಿಸಿರಿ. ಈ ಅಭ್ಯಾಸವುಳ್ಳ ಹುಡುಗಿಯು ಮುಂದೆ ನೆರೆಯವರ ಮೇಲಿನ ಅಪವಾದವನ್ನೂ ವಿಚಾರಿಸದೆ ನಂಬಲಾರಳು.