ಎರಡು ಅಂಕದ ಕಿರೀಟ: ಹುಸಿಯಾದ ಭವಿಷ್ಯಗಳು ಕಲಿಸಿದ್ದೇನು?

2025ರ ಡಿಸೆಂಬರ್ 7ರಂದು ಅಬುಧಾಬಿಯಲ್ಲಿ ಫಾರ್ಮುಲಾ ಒನ್ ಋತುವಿನ ಕೊನೆಯ ರೇಸು ಮುಗಿದಾಗ ಮೊದಲು ಗುರಿ ಮುಟ್ಟಿದವರು ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್. ಆದರೆ ಕಣ್ಣೀರು ಒರೆಸಿಕೊಳ್ಳುತ್ತ ವಿಶ್ವ ಚಾಂಪಿಯನ್ ಎನಿಸಿಕೊಂಡವರು ಮೂರನೆಯವರಾಗಿ ಬಂದ ಮೆಕ್ಲಾರೆನ್ ತಂಡದ ಲ್ಯಾಂಡೋ ನೋರಿಸ್. ಇಡೀ ವರ್ಷದ ಲೆಕ್ಕ ಕೂಡಿದಾಗ ನೋರಿಸ್ 423 ಅಂಕ, ವರ್ಸ್ಟಾಪನ್ 421, ನೋರಿಸ್ ಅವರದೇ ತಂಡದ ಆಸ್ಕರ್ ಪಿಯಾಸ್ಟ್ರಿ 410. ಒಟ್ಟು 24 ರೇಸುಗಳಲ್ಲಿ ವರ್ಸ್ಟಾಪನ್ ಗೆದ್ದದ್ದು 8, ಮೆಕ್ಲಾರೆನ್‌ನ ಇಬ್ಬರೂ ತಲಾ 7, ಮರ್ಸಿಡಿಸ್‌ನ ಜಾರ್ಜ್ ರಸೆಲ್ 2. ಹೆಚ್ಚು ರೇಸು ಗೆದ್ದವರಿಗೆ ಕಿರೀಟವಿಲ್ಲ! ಇದು ಹೇಗಾಯಿತು?

ಈ ಆಟದ ಲೆಕ್ಕ ಸರಳವಾದುದು. ರೇಸು ಗೆದ್ದರೆ 25 ಅಂಕ, ಎರಡನೆಯವರಿಗೆ 18, ಮೂರನೆಯವರಿಗೆ 15, ನಂತರ 12, 10 ಎಂದು ಇಳಿಯುತ್ತ ಹತ್ತನೆಯವರಿಗೆ 1. ಆರು ಕಡೆ ಮಾತ್ರ ಶನಿವಾರ ಸ್ಪ್ರಿಂಟ್ ಎಂಬ ಚಿಕ್ಕ ರೇಸು ಉಂಟು, ಅದನ್ನು ಗೆದ್ದರೆ 8. ಆದ್ದರಿಂದ ಗೆಲ್ಲುವುದಷ್ಟೇ ಮುಖ್ಯವಲ್ಲ, ಗೆಲ್ಲಲಾಗದ ದಿನ ಎಷ್ಟು ಉಳಿಸಿಕೊಂಡಿರಿ ಎಂಬುದೂ ಅಷ್ಟೇ ಮುಖ್ಯ.

ಮೂರು ಬಾರಿ ಬದಲಾದ ಭವಿಷ್ಯ

ಋತು ಆರಂಭವಾಗುವ ಮೊದಲು ಪಂಡಿತರ ಮೆಚ್ಚಿನ ಹೆಸರು ನೋರಿಸ್. 2024ರಲ್ಲಿ ಮೆಕ್ಲಾರೆನ್ ತಂಡಗಳ ಪ್ರಶಸ್ತಿ ಗೆದ್ದಿತ್ತು, ಕಾರಿನ ವೇಗದ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಏಪ್ರಿಲ್‌ನಲ್ಲಿ ಸೌದಿ ಅರೇಬಿಯಾದ ರೇಸು ಗೆದ್ದು ಪಿಯಾಸ್ಟ್ರಿ ಅಗ್ರಸ್ಥಾನಕ್ಕೆ ಬಂದರು. ಆಗಸ್ಟ್ 31ರಂದು ನೆದರ್‌ಲ್ಯಾಂಡ್ಸ್‌ನಲ್ಲಿ ನೋರಿಸ್ ಕಾರು ಎರಡನೇ ಸ್ಥಾನದಲ್ಲಿದ್ದಾಗಲೇ ಹೊಗೆ ಕಾರಿ ನಿಂತಿತು, ರೇಸು ಪಿಯಾಸ್ಟ್ರಿ ಪಾಲಾಯಿತು. ಅಂದಿನ ಪಟ್ಟಿ: ಪಿಯಾಸ್ಟ್ರಿ 309, ನೋರಿಸ್ 275, ವರ್ಸ್ಟಾಪನ್ 205. ಇನ್ನೇನು, ಆಸ್ಟ್ರೇಲಿಯಾದ ಹುಡುಗನೇ ಚಾಂಪಿಯನ್ ಎಂದು ಬರೆದವರೇ ಹೆಚ್ಚು. 104 ಅಂಕ ಹಿಂದಿದ್ದ ವರ್ಸ್ಟಾಪನ್ ಹೆಸರನ್ನು ಎಣಿಕೆಯಿಂದಲೇ ಬಿಟ್ಟಿದ್ದರು.

ಮುಂದೆ ನಡೆದದ್ದೇ ಬೇರೆ. ಬಾಕುವಿನಲ್ಲಿ ಪಿಯಾಸ್ಟ್ರಿ ದೀಪ ಆರುವ ಮೊದಲೇ ಕಾರು ಅಲುಗಿಸಿ, ಮೊದಲ ಸುತ್ತಿನಲ್ಲೇ ಗೋಡೆಗೆ ಗುದ್ದಿದರು. ಅಲ್ಲಿಂದ ಲಾಸ್ ವೇಗಸ್‌ವರೆಗಿನ ಆರು ರೇಸುಗಳಲ್ಲಿ ಒಮ್ಮೆಯೂ ಮೊದಲ ಮೂರರೊಳಗೆ ಬರಲಿಲ್ಲ. ಅತ್ತ ವರ್ಸ್ಟಾಪನ್ ಮೋಂಜಾ, ಬಾಕು, ಆಸ್ಟಿನ್, ಲಾಸ್ ವೇಗಸ್, ಕತಾರ್, ಅಬುಧಾಬಿ ಎಂದು ಗೆಲ್ಲುತ್ತಲೇ ಹೋದರು. ಲಾಸ್ ವೇಗಸ್‌ನಲ್ಲಿ ಎರಡನೇ ಮತ್ತು ನಾಲ್ಕನೇ ಸ್ಥಾನಕ್ಕೆ ಬಂದ ಮೆಕ್ಲಾರೆನ್ ಕಾರುಗಳೆರಡೂ ಅನರ್ಹಗೊಂಡವು. ಕಾರಿನ ಅಡಿಹಲಗೆ ನಿಯಮ ಮೀರಿ ಸವೆದಿತ್ತು, ಅಷ್ಟೆ. ಈಗ ಪಂಡಿತರ ಬಾಯಲ್ಲಿ ಮತ್ತೆ ವರ್ಸ್ಟಾಪನ್ ಜಪ! ಕೊನೆಗೆ ಬಹುಮಾನ ಹೋದದ್ದು ವರ್ಷದ ಮೊದಲು ಹೇಳಿದ ಹೆಸರಿಗೇ.

ನಡುವೆ ಇನ್ನೊಂದು ದೊಡ್ಡ ನಿರೀಕ್ಷೆ ನೆಲಕಚ್ಚಿದ್ದನ್ನೂ ಹೇಳಬೇಕು. ಏಳು ಬಾರಿಯ ಚಾಂಪಿಯನ್ ಲೂಯಿಸ್ ಹ್ಯಾಮಿಲ್ಟನ್ ಫೆರಾರಿ ಸೇರಿದಾಗ ಎದ್ದ ಸಂಭ್ರಮ ಅಷ್ಟಿಷ್ಟಲ್ಲ. ಶಾಂಘೈ ಸ್ಪ್ರಿಂಟ್ ಗೆದ್ದದ್ದು ಬಿಟ್ಟರೆ ಅವರು ಮುಖ್ಯ ರೇಸುಗಳಲ್ಲಿ ಒಮ್ಮೆಯೂ ಮೊದಲ ಮೂವರಲ್ಲಿ ನಿಲ್ಲಲಿಲ್ಲ. ಫೆರಾರಿಗೆ ವರ್ಷವಿಡೀ ಒಂದು ಮುಖ್ಯ ರೇಸೂ ದಕ್ಕಲಿಲ್ಲ.

ಎರಡು ಅಂಕ ಎಲ್ಲಿ ಬಿದ್ದಿತ್ತು?

ಹಳೆಯ ಫಲಿತಾಂಶಗಳನ್ನು ಮತ್ತೆ ತಿರುವಿ ನೋಡಿದರೆ ಮೂರು ಘಟನೆಗಳು ಕಣ್ಣಿಗೆ ಬೀಳುತ್ತವೆ.

ಮೊದಲನೆಯದು ಜೂನ್ 1ರ ಬಾರ್ಸಿಲೋನಾ. ರಸೆಲ್‌ಗೆ ಜಾಗ ಬಿಟ್ಟುಕೊಡುವಂತೆ ತಂಡ ಹೇಳಿದ ಸಿಟ್ಟಿನಲ್ಲಿ ವರ್ಸ್ಟಾಪನ್ ತಮ್ಮ ಕಾರನ್ನು ರಸೆಲ್ ಕಾರಿಗೆ ತಾಗಿಸಿದರು. 10 ಸೆಕೆಂಡ್ ದಂಡ ಬಿತ್ತು, ಐದನೇ ಸ್ಥಾನ ಹತ್ತಕ್ಕೆ ಇಳಿಯಿತು. ಕೈತಪ್ಪಿದ್ದು 9 ಅಂಕ. ಸೋತದ್ದು 2 ಅಂಕದಿಂದ! ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಎರಡನೆಯದು ಸೆಪ್ಟೆಂಬರ್ 7ರ ಮೋಂಜಾ. ನೋರಿಸ್ ಕಾರಿನ ಟೈರು ಬದಲಿಸುವಾಗ ಮೆಕ್ಲಾರೆನ್ ಸಿಬ್ಬಂದಿ ತಡಮಾಡಿದರು, ಹಿಂದಿದ್ದ ಪಿಯಾಸ್ಟ್ರಿ ಮುಂದಾದರು. ತಪ್ಪು ತಂಡದ್ದು, ಆದ್ದರಿಂದ ಜಾಗ ಹಿಂದಿರುಗಿಸು ಎಂದು ಪಿಯಾಸ್ಟ್ರಿಗೆ ಆದೇಶ ಬಂತು. ಟೈರು ಬದಲಿಸುವಲ್ಲಿ ತಡವಾದರೆ ಅದೂ ರೇಸಿನ ಭಾಗವೆಂದು ಮೊದಲೇ ಒಪ್ಪಿದ್ದೆವಲ್ಲ ಎಂದು ರೇಡಿಯೋದಲ್ಲಿ ಆಕ್ಷೇಪಿಸಿದರೂ ಅವರು ಆದೇಶ ಪಾಲಿಸಿದರು. ನೋರಿಸ್‌ಗೆ 3 ಅಂಕ ಹೆಚ್ಚು ಬಂತು. ಆ 3 ಅಂಕ ಕಳೆದು ನೋಡಿ: ನೋರಿಸ್ 420, ವರ್ಸ್ಟಾಪನ್ 421.

ಮೂರನೆಯದು ನವೆಂಬರ್ 30ರ ಕತಾರ್. ಒಂದು ಜೊತೆ ಟೈರಿನಲ್ಲಿ 25 ಸುತ್ತಿಗಿಂತ ಹೆಚ್ಚು ಓಡಿಸಬಾರದೆಂಬ ನಿಯಮ ಅಲ್ಲಿತ್ತು. ಒಟ್ಟು ಸುತ್ತು 57. ಏಳನೇ ಸುತ್ತಿನಲ್ಲಿ ಸೇಫ್ಟಿ ಕಾರು ಬಂದಾಗ ಟೈರು ಬದಲಿಸಿದವರಿಗೆ ಉಳಿದ 50 ಸುತ್ತು ಸರಿಯಾಗಿ ಎರಡು ಪಾಲಾಗುತ್ತಿತ್ತು. ಬಹುತೇಕ ಎಲ್ಲರೂ ಹಾಗೆ ಮಾಡಿದರು, ಮೆಕ್ಲಾರೆನ್ ಮಾಡಲಿಲ್ಲ. ಗೆಲ್ಲಬಹುದಾಗಿದ್ದ ರೇಸು ವರ್ಸ್ಟಾಪನ್ ಪಾಲಾಯಿತು. ನೋರಿಸ್ ಐದನೆಯವರಾಗಿದ್ದಾಗ, ಕೊನೆಗೆ ಒಂದು ಸುತ್ತು ಉಳಿದಿದ್ದಾಗ, ಮರ್ಸಿಡಿಸ್‌ನ ಕಿಮಿ ಆಂಟೊನೆಲ್ಲಿ ಹಿಡಿತ ತಪ್ಪಿ ದಾರಿ ಬಿಟ್ಟರು. ನೋರಿಸ್ ನಾಲ್ಕಕ್ಕೆ ಏರಿದರು. ಲಾಭ 2 ಅಂಕ. ಅದಿಲ್ಲದಿದ್ದರೆ ಇಬ್ಬರೂ 421ರಲ್ಲಿ ಸಮ, ಹೆಚ್ಚು ಗೆಲುವಿನ ಬಲದಿಂದ ಕಿರೀಟ ವರ್ಸ್ಟಾಪನ್‌ಗೆ.

19ರ ಹರೆಯದ ಆಂಟೊನೆಲ್ಲಿಗೆ ಇದರ ಬೆಲೆ ತೆರಬೇಕಾಯಿತು. ಬೇಕೆಂದೇ ದಾರಿ ಬಿಟ್ಟರೆಂದು ರೆಡ್ ಬುಲ್ ಕಡೆಯಿಂದ ಬಂದ ಮಾತು ಹರಡುತ್ತಿದ್ದಂತೆ ಅಂತರ್ಜಾಲದಲ್ಲಿ ನಿಂದನೆ, ಕೊಲೆ ಬೆದರಿಕೆಗಳ ಸುರಿಮಳೆಯಾಯಿತು. ಆ ಮಾತು ತಪ್ಪೆಂದು ರೆಡ್ ಬುಲ್ ಮರುದಿನ ವಿಷಾದಿಸಿತು. ಲೆಕ್ಕಾಚಾರದ ಹುಚ್ಚು ಅತಿಯಾದಾಗ ತಪ್ಪಿದ ಕೈ ಕೂಡ ಸಂಚಿನ ಕೈಯಾಗಿ ಕಾಣುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಇಬ್ಬರ ಜಗಳ, ಮೂರನೆಯವನ ಲಾಭ?

ಭವಿಷ್ಯ ನುಡಿದವರಲ್ಲಿ ಬಹುಮಂದಿಯ ಕೈಯಲ್ಲಿದ್ದ ಹಳೆಯ ಪಾಠ 2007ರದು. ಆಗಲೂ ಮೆಕ್ಲಾರೆನ್‌ನಲ್ಲಿ ಇಬ್ಬರು ಬಲಶಾಲಿಗಳು, ಹ್ಯಾಮಿಲ್ಟನ್ ಮತ್ತು ಫರ್ನಾಂಡೋ ಅಲೋನ್ಸೊ. ಇಬ್ಬರೂ ಕಾದಾಡಿ ತಲಾ 109 ಅಂಕಕ್ಕೆ ನಿಂತರು, ಫೆರಾರಿಯ ಕಿಮಿ ರೈಕೊನೆನ್ 110 ಅಂಕದೊಂದಿಗೆ ಕಿರೀಟ ಒಯ್ದರು. ಹಾಗಾಗಿ ಒಬ್ಬನನ್ನು ಆರಿಸಿ ಇನ್ನೊಬ್ಬನನ್ನು ಸಹಾಯಕ್ಕೆ ನಿಲ್ಲಿಸಿ ಎಂಬ ಸಲಹೆ 2025ರ ಕೊನೆಯಲ್ಲಿ ಎಲ್ಲೆಡೆಯಿಂದ ಬಂತು. ಮುಖ್ಯಸ್ಥ ಝಾಕ್ ಬ್ರೌನ್ ಒಪ್ಪಲಿಲ್ಲ. ಸೋತರೂ ಸರಿ, ಇಬ್ಬರಿಗೂ ಸಮಾನ ಅವಕಾಶ ಎಂಬ ನಿಲುವಿಗೆ ಅಂಟಿಕೊಂಡರು.

ಈ ನಿಲುವಿನಿಂದ ನಷ್ಟವೇನೂ ಆಗಲಿಲ್ಲವೆಂದಲ್ಲ. ಕೆನಡಾದಲ್ಲಿ ನೋರಿಸ್ ತನ್ನದೇ ತಂಡದ ಕಾರಿಗೆ ಗುದ್ದಿ ಹೊರಬಿದ್ದರು, ಆಸ್ಟಿನ್ ಸ್ಪ್ರಿಂಟ್‌ನಲ್ಲಿ ಎರಡೂ ಕಾರು ಒಂದಕ್ಕೊಂದು ತಾಗಿ ಮೂಲೆ ಸೇರಿದವು. ಆದರೆ ಅವಕಾಶವೊಂದನ್ನು ಮರೆಯಬಾರದು: ಆಗಸ್ಟ್ ಕೊನೆಯಲ್ಲೇ ಒಬ್ಬನನ್ನು ಆರಿಸಿದ್ದರೆ ತಂಡ ಆರಿಸುತ್ತಿದ್ದುದು 34 ಅಂಕ ಮುಂದಿದ್ದ ಪಿಯಾಸ್ಟ್ರಿಯನ್ನು. ಚಾಂಪಿಯನ್ ಆಗಲಿದ್ದ ನೋರಿಸ್ ಆಗಲೇ ಸಹಾಯಕನ ಕುರ್ಚಿಗೆ ಸರಿಯುತ್ತಿದ್ದರು. ಮೆಕ್ಲಾರೆನ್ ನ್ಯಾಯವಾಗಿ ನಡೆದದ್ದರಿಂದಲೇ ಗೆದ್ದಿತು ಎನ್ನುವುದು ಉತ್ಪ್ರೇಕ್ಷೆ. ಆದರೆ ತಪ್ಪಾದ ಭವಿಷ್ಯವನ್ನು ನಂಬಿ ತನ್ನ ಒಂದು ಕೈಯನ್ನು ತಾನೇ ಕಟ್ಟಿಕೊಳ್ಳಲಿಲ್ಲ ಎಂಬುದಂತೂ ನಿಜ. ಮೋಂಜಾದಲ್ಲಿ ಮಾತು ಕೇಳಿ ಜಾಗ ಬಿಟ್ಟುಕೊಟ್ಟ ಪಿಯಾಸ್ಟ್ರಿಯ ಪಾಲಿಗೆ ಮಾತ್ರ ಈ ನ್ಯಾಯ ಬಹಳ ದುಬಾರಿಯಾಗಿ ಕಂಡಿರಬೇಕು.

ಕಾರಿನ ವ್ಯತ್ಯಾಸವೇ ಇಲ್ಲದಿದ್ದರೆ ಭವಿಷ್ಯ ಸುಲಭವಾದೀತೇ? ಎಲ್ಲರಿಗೂ ಒಂದೇ ಬಗೆಯ ಕಾರು ಕೊಡುವ ಫಾರ್ಮುಲಾ 2ರಲ್ಲಿ ಬೆಂಗಳೂರಿನ ಕುಶ್ ಮೈನಿ 2025ರ ಮೇ ತಿಂಗಳಲ್ಲಿ ಮೊನಾಕೊ ಸ್ಪ್ರಿಂಟ್ ಗೆದ್ದರು. ಅಲ್ಲಿ ಭಾರತೀಯನೊಬ್ಬ ಗೆದ್ದದ್ದು ಅದೇ ಮೊದಲು. ಹಿಂದಿನ ಫಲಿತಾಂಶ ನೋಡಿ ಆ ಹೆಸರು ಬರೆದಿಟ್ಟವರು ಬಹಳ ಮಂದಿ ಇದ್ದಿರಲಾರರು.

2026ರಿಂದ ನಿಯಮಗಳೇ ಬದಲು. ಎಂಜಿನ್ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ವಿದ್ಯುತ್ತಿನದು, ಸೌಬರ್ ಜಾಗದಲ್ಲಿ ಆಡಿ, ಹನ್ನೊಂದನೇ ತಂಡವಾಗಿ ಕ್ಯಾಡಿಲಾಕ್. ಹಳೆಯ ಅಂಕಪಟ್ಟಿ ಹಿಡಿದು ಹೊಸ ಫಲ ಹೇಳುವವರು 2025ರ ಆಗಸ್ಟ್ 31ರ ಪಟ್ಟಿಯನ್ನೊಮ್ಮೆ ತೆಗೆದು ನೋಡುವುದು ಒಳ್ಳೆಯದು. ಅಂದು 104 ಅಂಕ ಹಿಂದಿದ್ದವರು ಕೊನೆಗೆ ಸೋತದ್ದು ಎರಡೇ ಅಂಕದಿಂದ. ಆ ಎರಡು ಅಂಕ ಕೈಬಿಟ್ಟು ಹೋದದ್ದು ಜೂನ್ ತಿಂಗಳಲ್ಲಿ, ಯಾರೂ ಲೆಕ್ಕವಿಡದಿದ್ದ ಒಂದು ದಿನ.