ಸೀಟು ಸಿಗದವರ ಓದೇ ಇದು?



ದ್ವಿತೀಯ ಪಿ.ಯು.ಸಿ. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಪ್ರತಿವರ್ಷ ಕೇಳಿಬರುವ ಮಾತೊಂದಿದೆ: ‘ಎಂ.ಬಿ.ಬಿ.ಎಸ್. ಸಿಗಲಿಲ್ಲ, ಏನೋ ಲ್ಯಾಬ್ ಕೋರ್ಸಿಗೆ ಸೇರಿಸಿದೆವು.’ ಆ ‘ಏನೋ’ ಎಂಬ ಒಂದೇ ಪದದಿಂದ ಮಗುವಿನ ಆತ್ಮಗೌರವವನ್ನೂ ಒಂದು ವೃತ್ತಿಯ ಘನತೆಯನ್ನೂ ನಾವು ಒಟ್ಟಿಗೆ ಕಿತ್ತುಕೊಳ್ಳುತ್ತೇವೆ. ಈ ಮಾತು ನಮ್ಮ ಮನೆಗಳಿಂದ ತೊಲಗಬೇಕು.

ಮೊದಲು ಲೆಕ್ಕವನ್ನು ನೋಡೋಣ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಅಧಿಕ; ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು 1 ಲಕ್ಷಕ್ಕಿಂತ ತುಸು ಹೆಚ್ಚು. ಸುಮಾರು ಇಪ್ಪತ್ತು ಮಂದಿಗೆ ಒಂದು ಸೀಟು! ಉಳಿದ ಹತ್ತೊಂಬತ್ತು ಮಕ್ಕಳೂ ದಡ್ಡರೆಂದು ತೀರ್ಮಾನಿಸಲು ನಾವು ಯಾರು?

ಇನ್ನು ಆಸ್ಪತ್ರೆಯೊಳಗೆ ಬನ್ನಿ. ಹೆರಿಗೆಯಲ್ಲಿ ರಕ್ತಸ್ರಾವವಾದ ತಾಯಿಗೆ ರಕ್ತ ಕೊಡಿರೆಂದು ವೈದ್ಯರು ಬರೆಯುತ್ತಾರೆ. ಆ ರಕ್ತ ಆಕೆಯ ರಕ್ತಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸುವವರು ಪ್ರಯೋಗಾಲಯದ ತಂತ್ರಜ್ಞರು. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳನ್ನು ಕಂಡುಹಿಡಿದ ಬಳಿಕವೂ ಗುಂಪು ತಪ್ಪಿದ ಒಂದು ಚೀಲ ರಕ್ತ ಪ್ರಾಣವನ್ನೇ ತೆಗೆಯಬಲ್ಲುದು. ಮೂತ್ರಪಿಂಡ ಸೋತವರನ್ನು ವಾರಕ್ಕೆ ಎರಡು ಮೂರು ಬಾರಿ, ಪ್ರತಿಬಾರಿ ಸುಮಾರು ನಾಲ್ಕು ಗಂಟೆ, ಯಂತ್ರದ ಬಳಿ ನಿಂತು ಕಾಯುವವರು ಡಯಾಲಿಸಿಸ್ ತಂತ್ರಜ್ಞರು. 2020ರ ಕೋವಿಡ್ ದಿನಗಳಲ್ಲಿ ನಾವು ಉಸಿರು ಬಿಗಿಹಿಡಿದು ಕಾದ ಪರೀಕ್ಷಾ ವರದಿಗಳ ಹಿಂದೆಯೂ ಇಂಥವರ ನಿದ್ದೆಗೆಟ್ಟ ಕಣ್ಣುಗಳಿದ್ದವು. ಇವರನ್ನು ‘ಏನೋ’ ಎನ್ನೋಣವೇ?

ಇದು ಸುಲಭದ ಓದೂ ಅಲ್ಲ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿ ವಿಜ್ಞಾನಗಳನ್ನು ಇವರೂ ಕಲಿಯುತ್ತಾರೆ. 2021ರಲ್ಲಿ ಸಂಸತ್ತು ಈ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ತಂದಿತು. ಅದರ ಪ್ರಕಾರ ತಂತ್ರಜ್ಞರಿಗೆ ಕನಿಷ್ಠ 2000 ಗಂಟೆಗಳ, ಫಿಸಿಯೋಥೆರಪಿಯಂಥ ಚಿಕಿತ್ಸೆ ನೀಡುವವರಿಗೆ ಕನಿಷ್ಠ 3600 ಗಂಟೆಗಳ ಶಿಕ್ಷಣ ಬೇಕು.

‘ಸಂಬಳ ಕಡಿಮೆಯಲ್ಲವೇ?’ ಎಂದು ನೀವು ಕೇಳಬಹುದು. ನಿಜ, ಎಷ್ಟೋ ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ವೇತನ ದುಡಿಮೆಗೆ ತಕ್ಕುದಲ್ಲ. ಅದು ಅನ್ಯಾಯವೇ. ಆದರೆ ಹೆತ್ತವರೇ ಹಗುರವಾಗಿ ಕಾಣುವ ವೃತ್ತಿಗೆ ಆಡಳಿತ ಮಂಡಳಿಗಳು ಬೆಲೆ ಕಟ್ಟುತ್ತವೆಯೇ?

ನಮ್ಮ ತಾತ್ಸಾರದಿಂದ ಲಾಭ ಪಡೆಯುವವರು ಬೇರೆಯೇ ಇದ್ದಾರೆ. ಸೀರೆ ಕೊಳ್ಳುವಾಗ ಸೆರಗು ಬಿಡಿಸಿ ನೋಡುವ ನಾವು, ‘ಏನೋ ಒಂದು ಕೋರ್ಸು’ ಎಂದಾಗ ಕಾಲೇಜನ್ನು ನೋಡದೆಯೇ ಹಣ ಕಟ್ಟುತ್ತೇವೆ. ರೋಗಿಗಳಿಲ್ಲದ ಕಟ್ಟಡದಲ್ಲಿ ಆರೋಗ್ಯ ವಿಜ್ಞಾನವನ್ನು ಮಾರುವವರಿಗೆ ಬೇಕಾದದ್ದು ಇಂಥ ಪೋಷಕರೇ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಮೂರು ಪ್ರಶ್ನೆ ಕೇಳಿರಿ: ಈ ಕೋರ್ಸಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಬೇರೆ ಅಧಿಕೃತ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ? ಮಕ್ಕಳು ಕಲಿಯುವ ಆಸ್ಪತ್ರೆ ಯಾವುದು, ಅಲ್ಲಿ ದಿನಕ್ಕೆಷ್ಟು ರೋಗಿಗಳು? ಇಂಟರ್ನ್‌ಶಿಪ್ ಎಲ್ಲಿ, ಯಾರ ಉಸ್ತುವಾರಿಯಲ್ಲಿ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ, ‘ಮಗಳು ಏನು ಓದುತ್ತಿದ್ದಾಳೆ?’ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡಿ. ಕೋರ್ಸಿನ ಹೆಸರನ್ನು ಪೂರ್ತಿಯಾಗಿ, ಆಕೆಗೂ ಕೇಳಿಸುವಂತೆ ಹೇಳಿರಿ.