ಬೀಜ ಸುಲಿಯುವವರಾರು, ಬೆಳೆಗಾರನನ್ನು ಸುಲಿಯುವವರಾರು?

ಬೀಜದ ಕಾಲ ಬಂತೆಂದರೆ ನಮ್ಮ ಕಾಸರಗೋಡಿನ ಅಂಗಡಿ ಜಗಲಿಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಆಫ್ರಿಕದ ಬೀಜ ಬಂದು ನಮ್ಮ ಬೀಜದ ಕ್ರಯ ಕೆಡಿಸಿತು." ಅತ್ತ ದೊಡ್ಡ ದೊಡ್ಡ ಸಮ್ಮೇಳನಗಳ ವೇದಿಕೆಯಲ್ಲಿ ಇನ್ನೊಂದು ಮಾತು: "ಅಭಿವೃದ್ಧಿಶೀಲ ದೇಶಗಳು ತಮ್ಮತಮ್ಮೊಳಗೆ ವ್ಯಾಪಾರ ಬೆಳೆಸುವುದೇ ನಿಜವಾದ ಭ್ರಾತೃತ್ವ." ಮೊದಲನೆಯದು ಸಿಟ್ಟಿನ ಮಾತು, ಎರಡನೆಯದು ಹಾರ ತುರಾಯಿಯ ಮಾತು. ಎರಡೂ ನಮ್ಮನ್ನು ದಾರಿ ತಪ್ಪಿಸುತ್ತವೆ ಎಂಬುದು ನನ್ನ ವಾದ. ನಾನು ಅರ್ಥಶಾಸ್ತ್ರಜ್ಞನಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಜಮಾ ಯಾರ ಖಾತೆಗೆ, ಖರ್ಚು ಯಾರ ಖಾತೆಗೆ ಎಂದು ನೋಡುವುದೇ ನನ್ನ ದಿನನಿತ್ಯದ ಕಸುಬು.

ಮೊದಲಿಗೆ ನೆನಪಿಡೋಣ, ಗೇರು ನಮ್ಮದೂ ಅಲ್ಲ, ಆಫ್ರಿಕದ್ದೂ ಅಲ್ಲ. ಬ್ರೆಜಿಲಿನ ಈ ಮರವನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಗೂ ಪೂರ್ವ ಆಫ್ರಿಕಕ್ಕೂ ತಂದರು. ನೆರೆಮನೆಯ ಮಲಯಾಳಿ ಬಂಧುಗಳು 'ಪರಂಗಿಮಾವು' ಎನ್ನುವಾಗ ಆ ಪರಂಗಿಯವನ ಹೆಸರು ಇಂದಿಗೂ ನಾಲಗೆಯ ಮೇಲಿದೆ. ಮೊಜಾಂಬಿಕ್, ಟಾಂಜಾನಿಯಾಗಳ ಬೀಜ ಕೊಲ್ಲಂ, ಮಂಗಳೂರುಗಳ ಕಾರ್ಖಾನೆಗೆ ಹಡಗಿನಲ್ಲಿ ಬರತೊಡಗಿದ್ದು ಸ್ವಾತಂತ್ರ್ಯಕ್ಕೂ ಮೊದಲೇ. ಅಲ್ಲಿ ಕೊಯ್ಲು ಅಕ್ಟೋಬರಿನಿಂದ ಜನವರಿಯ ತನಕ, ಅಂದರೆ ನಮ್ಮ ಗುಡ್ಡೆಗಳು ಬರಿದಾಗಿರುವ ಕಾಲ. ಆ ಬೀಜ ನಮ್ಮ ಹೆಂಗಸರಿಗೆ ಮಳೆಗಾಲದಾಚೆಯೂ ಕೆಲಸ ಕೊಟ್ಟಿತು. ಪಶ್ಚಿಮ ಆಫ್ರಿಕದ ಬೀಜ ಮಾತ್ರ ಫೆಬ್ರವರಿಯಿಂದ ಜೂನಿನ ತನಕ, ನಮ್ಮದರ ಜತೆಗೇ ಬರುತ್ತದೆ. ಆ ಪೆಟ್ಟು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ದೇಶದ ಕಾರ್ಖಾನೆಗಳಿಗೆ ಬೇಕಾದ ಬೀಜದಲ್ಲಿ ಸರಿಸುಮಾರು ಅರ್ಧ ಹೊರಗಿನದು. ನಾಳೆಯೇ ಅದನ್ನು ನಿಲ್ಲಿಸಿದರೆ ಮುಚ್ಚುವುದು ಕಾರ್ಖಾನೆ. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಬೀಜವನ್ನು ಕೊಳ್ಳುವವರು ಯಾರು?

ಈಗ ಭ್ರಾತೃತ್ವದ ಲೆಕ್ಕಕ್ಕೆ ಬರೋಣ. ನಾಲ್ಕೈದು ಕಿಲೋ ಬೀಜ ಸುಲಿದರೆ ಒಂದು ಕಿಲೋ ತಿರುಳು. ಬೀಜ ಸುಡುವುದು, ಒಡೆಯುವುದು, ಸಿಪ್ಪೆ ತೆಗೆಯುವುದು, 180, 240, 320 ಎಂದು ದರ್ಜೆ ಮಾಡುವುದು, ಹೀಗೆ ಕೂಲಿಯೂ ಲಾಭವೂ ಹುಟ್ಟುವುದು ಸುಲಿದ ಮೇಲೆಯೇ. ಜಗತ್ತಿನಲ್ಲೇ ಅತಿ ಹೆಚ್ಚು ಗೇರುಬೀಜ ಬೆಳೆಯುವ ದೇಶ ಇಂದು ಐವರಿ ಕೋಸ್ಟ್. ಆದರೆ ಅದರ ಬೀಜದ ಬಹುಪಾಲು ಸುಲಿಯದೆಯೇ ಹಡಗು ಹತ್ತಿ ವಿಯೆಟ್ನಾಮಿಗೂ ನಮ್ಮಲ್ಲಿಗೂ ಬರುತ್ತದೆ. ಗಿನಿ ಬಿಸಾವು ಎಂಬ ಪುಟ್ಟ ದೇಶದ ರಫ್ತೆಂದರೆ ಬಹುಮಟ್ಟಿಗೆ ಗೇರುಬೀಜವೇ. ಅಲ್ಲಿನ ಹಳ್ಳಿಗ ಬೀಜ ಕೊಟ್ಟು ಅಕ್ಕಿ ಪಡೆಯುವ ವಿನಿಮಯ ಪದ್ಧತಿಯೂ ಉಂಟು. ಆ ಅಕ್ಕಿಯೂ ಬಹುಪಾಲು ಏಷ್ಯಾದ್ದೇ! ಬೀಜದ ಕ್ರಯ ಬಿದ್ದ ವರ್ಷ ಅವನ ಅನ್ನದ ತಟ್ಟೆಯೂ ಸಣ್ಣದಾಗುತ್ತದೆ.

ನಮ್ಮ ಸರಕಾರ ಏನು ಮಾಡಿತು? 2018ರ ಬಜೆಟ್ಟಿನಲ್ಲಿ ಸುಲಿಯದ ಬೀಜದ ಆಮದು ಸುಂಕವನ್ನು ಶೇಕಡಾ 5ರಿಂದ 2.5ಕ್ಕೆ ಇಳಿಸಿತು. 2019ರಲ್ಲಿ ತಿರುಳಿನ ಸುಂಕವನ್ನು ಶೇಕಡಾ 45ರಿಂದ 70ಕ್ಕೆ ಏರಿಸಿತು. ಇದರ ಅರ್ಥ ಸರಳ: "ತಮ್ಮಾ, ಬೀಜ ತಾ, ಆದರೆ ಸುಲಿದು ಮಾತ್ರ ತರಬೇಡ." ನಮ್ಮ ಹತ್ತಿ ಲಂಕಾಶೈರಿಗೆ ಹೋಗಿ ಬಟ್ಟೆಯಾಗಿ ಮರಳಿದ ಕಥೆಯನ್ನು ಶಾಲೆಯಲ್ಲಿ ಕಣ್ಣೀರಿಟ್ಟು ಓದಿದವರು ನಾವು. ಅದೇ ತಕ್ಕಡಿಯನ್ನು ನಾವು ಹಿಡಿದಾಗ ಅದಕ್ಕೆ ಸಹಕಾರವೆಂದು ಹೆಸರಿಡುವುದು ಯಾವ ನ್ಯಾಯ?

ಮೊಜಾಂಬಿಕಿನ ಕಥೆ ಇನ್ನೂ ಕಟುವಾದದ್ದು. 1970ರ ದಶಕದ ಆರಂಭದಲ್ಲಿ ಅದು ಗೇರು ಬೆಳೆಯಲ್ಲಿ ಜಗತ್ತಿಗೇ ಮೊದಲು. 1975ರಲ್ಲಿ ಸ್ವತಂತ್ರವಾದ ಬಳಿಕ, ಬೀಜ ತನ್ನ ನೆಲದಲ್ಲೇ ಸುಲಿಯಲೆಂದು ಸುಲಿಯದ ಬೀಜದ ರಫ್ತನ್ನು ನಿಷೇಧಿಸಿತು. ಅಂತರ್ಯುದ್ಧದಿಂದ ಜರ್ಜರಿತವಾದ ಆ ದೇಶಕ್ಕೆ 1990ರ ದಶಕದಲ್ಲಿ ಸಾಲ ಕೊಟ್ಟ ವಿಶ್ವಬ್ಯಾಂಕು ಬಾಗಿಲು ತೆರೆಯಲು ಒತ್ತಾಯಿಸಿತು. ನಿಷೇಧ ಹೋಗಿ ರಫ್ತು ತೆರಿಗೆ ಬಂತು, ತೆರಿಗೆಯೂ ಮೆಟ್ಟಲು ಮೆಟ್ಟಲಾಗಿ ಶೇಕಡಾ 14ಕ್ಕೆ ಇಳಿಯಿತು. ಬೀಜ ಭಾರತಕ್ಕೆ ಹರಿಯಿತು, ಅಲ್ಲಿನ ಕಾರ್ಖಾನೆಗಳು ಮುಚ್ಚಿದವು, ಸುಮಾರು 10,000 ಮಂದಿ ಕೆಲಸ ಕಳೆದುಕೊಂಡರು. ಬೆಳೆಗಾರನಿಗಾದರೂ ಲಾಭವಾಯಿತೇ? ನಿಷೇಧದ ಕಾಲದಲ್ಲಿ ಅವನಿಗೆ ನ್ಯಾಯವಾದ ಕ್ರಯ ಸಿಗುತ್ತಿರಲಿಲ್ಲ ಎಂಬುದು ನಿಜವೇ. ಆದರೆ ಬಾಗಿಲು ತೆರೆದ ಮೇಲೆ ಸಿಕ್ಕಿದ್ದೆಷ್ಟು ಎಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದಾಗ ಒಂದು ಕುಟುಂಬಕ್ಕೆ ವರ್ಷಕ್ಕೆ ಐದು ಡಾಲರು ಚಿಲ್ಲರೆ! ಉಳಿದದ್ದರಲ್ಲಿ ದೊಡ್ಡ ಪಾಲು ನಡುವಿನ ವ್ಯಾಪಾರಿಗಳ ಜೇಬಿಗೆ.

"ಹಾಗಾದರೆ ನಮ್ಮ ಕೊಲ್ಲಂನ ಹೆಂಗಸರು ಮಣ್ಣು ತಿನ್ನಬೇಕೇ?" ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಬೀಜದ ಸೊನೆಗೆ ಬೆರಳು ಸುಟ್ಟುಕೊಂಡು ದುಡಿದ ಆ ತಾಯಂದಿರ ಬಗ್ಗೆ ನನಗೆ ಯಾರಿಗಿಂತಲೂ ಕಡಿಮೆ ಗೌರವವಿಲ್ಲ. ಆದರೆ ಅಗ್ಗದ ಬೀಜವೂ ಎತ್ತರದ ಸುಂಕವೂ ಅವರನ್ನು ಉಳಿಸಿದವೇ? ತಿರುಳು ರಫ್ತಿನಲ್ಲಿ 2006ರಲ್ಲೇ ವಿಯೆಟ್ನಾಂ ನಮ್ಮನ್ನು ಹಿಂದಿಕ್ಕಿತು. ಅವರು ಯಂತ್ರ ಹೂಡಿದರು, ನಾವು ಕಡಿಮೆ ಕೂಲಿಯನ್ನೇ ಬಂಡವಾಳ ಎಂದುಕೊಂಡೆವು. 2015ರ ಬಳಿಕ ಕೊಲ್ಲಂನಲ್ಲಿ ನೂರಾರು ಕಾರ್ಖಾನೆಗಳಿಗೆ ಬೀಗ ಬಿತ್ತು. ಆಫ್ರಿಕದ ರೈತನನ್ನು ಬಡವನಾಗಿಯೇ ಇಟ್ಟು ನಮ್ಮ ಕಾರ್ಮಿಕಳನ್ನು ಉದ್ಧರಿಸಬಹುದೆಂಬ ಲೆಕ್ಕ ತಾಳೆಯಾಗಲಿಲ್ಲ ಎಂಬುದಕ್ಕೆ ಆ ಬೀಗಗಳೇ ಸಾಕ್ಷಿ.

ಆಫ್ರಿಕವೂ ಈಗ ಎಚ್ಚರಗೊಳ್ಳುತ್ತಿದೆ. 2018ರಲ್ಲಿ ವ್ಯಾಪಾರಿಗಳು ತೀರ ಕಡಿಮೆ ಕ್ರಯ ಕೇಳಿದಾಗ ಟಾಂಜಾನಿಯಾದ ಅಧ್ಯಕ್ಷ ಮಗುಫುಲಿ ಬೀಜ ಕೊಳ್ಳಲು ಸೈನ್ಯವನ್ನೇ ಇಳಿಸಿದರು. ಬೆನಿನ್ ದೇಶ 2024ರ ಏಪ್ರಿಲಿನಿಂದ ಸುಲಿಯದ ಬೀಜದ ರಫ್ತನ್ನೇ ನಿಷೇಧಿಸಿತು. ಇದನ್ನು ದ್ರೋಹವೆಂದು ಕರೆಯುವ ಹಕ್ಕು ನಮಗಿಲ್ಲ. ನಾವೂ ಅದನ್ನೇ ಮಾಡುತ್ತಿದ್ದೆವು.

ಇದೆಲ್ಲ ಎಲ್ಲಿಯದೋ ದೂರದ ಮಾತೆಂದು ಗಡಿನಾಡಿನ ಬಂಧುಗಳು ಪುಟ ತಿರುವಬಾರದು. ಕೇರಳದಲ್ಲಿ ಗೇರು ಹೆಚ್ಚು ಬೆಳೆಯುವ ಜಿಲ್ಲೆಗಳಲ್ಲಿ ನಮ್ಮದೂ ಒಂದು. ಗೇರು ತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನಿನ ಸಂಕಟವನ್ನು ಉಂಡದ್ದು ಇದೇ ಜಿಲ್ಲೆ. ಆ ಸಂಕಟ ಯಾವ ಬೀಜದ ಕ್ರಯದಲ್ಲೂ ಸೇರಲಿಲ್ಲ. ಇಂದಿಗೂ ನಾವು ಹೆಕ್ಕಿದ ಬೀಜ ಗೋಣಿಯಲ್ಲಿ ತುಂಬಿ, ಸುಲಿಯದೆಯೇ ಗಡಿ ದಾಟಿ ಮಂಗಳೂರಿಗೆ ಹೋಗುತ್ತದೆ. ಕ್ರಯ ಅಲ್ಲಿ ನಿಶ್ಚಯವಾಗುತ್ತದೆ, ನಾವು ತಲೆಯಾಡಿಸುತ್ತೇವೆ. ಹಾಗಿರುವಾಗ ಐವರಿ ಕೋಸ್ಟಿನ ಕೊರೊಗೋ ಕಡೆಯ ರೈತ ನಮ್ಮ ಎದುರಾಳಿ ಹೇಗಾದಾನು? ಅವನು ನಮ್ಮದೇ ಸಾಲಿನಲ್ಲಿ ಗೋಣಿ ಹೊತ್ತು ನಿಂತವನು.

ಆದ್ದರಿಂದ ನಮ್ಮ ಬೇಡಿಕೆ ಬದಲಾಗಬೇಕು. ಆಫ್ರಿಕದ ಬೀಜ ನಿಲ್ಲಿಸಿ ಎಂಬ ಕೂಗು ಬೇಡ. ಅಲ್ಲಿ ಸುಲಿದ ತಿರುಳಿನ ಮೇಲಿನ ಸುಂಕವನ್ನು ಹಂತಹಂತವಾಗಿ ಇಳಿಸಲಿ. ಇಲ್ಲಿಯ ಕಾರ್ಖಾನೆಗೆ ಯಂತ್ರಕ್ಕೂ, ಕೆಲಸ ಕಳೆದುಕೊಂಡವರಿಗೂ ಹಣ ಒದಗಿಸಲಿ. ತಿರುಳಿನ ಪೊಟ್ಟಣದ ಮೇಲೆ ಬೀಜ ಬೆಳೆದ ನಾಡಿನ ಹೆಸರು ಅಚ್ಚಾಗಲಿ. ಮತ್ತು ನಮ್ಮ ಸಹಕಾರಿ ಸಂಘಗಳು ಸಾಲ ಕೊಟ್ಟು ಬಡ್ಡಿ ಎಣಿಸುವುದರಲ್ಲೇ ತೃಪ್ತವಾಗದೆ, ನಮ್ಮ ಬೀಜವನ್ನು ನಮ್ಮ ಗ್ರಾಮದಲ್ಲೇ ಸುಲಿಯುವ ಕೆಲಸಕ್ಕೆ ಕೈ ಹಾಕಲಿ. ಬೆಳೆದವನ ಅಂಗಳದಲ್ಲಿ ಬೀಜ ಸುಲಿಯುವ ಹಕ್ಕನ್ನು ನಮಗಾಗಿ ಕೇಳುವವರು, ಅದನ್ನು ಆಫ್ರಿಕದವನಿಗೆ ನಿರಾಕರಿಸಲು ಬಾಯಿ ಬರಬಾರದು.